ಇಪ್ಪತ್ತಾರು ರಸೀದಿ

ನೋಟೀಸು ಬರೆದವನು ನಾನೇ.
‘ಪರಿಹಾರದ ಹಣ ಸಂದಾಯವಾಗಿರುವ ಕಾರಣ
ಈವರೆಗೆ ಪಡೆದ ಮಾಸಾಶನವನ್ನು
ಮರುಪಾವತಿಸತಕ್ಕದ್ದು’—
ಈ ‘ತಕ್ಕದ್ದು’ ನನ್ನ ಕೈಗೆ ಎಷ್ಟು ಪಳಗಿದೆಯೆಂದರೆ
ಹಾಲಿನವನಿಗೆ ಚೀಟಿ ಬರೆದಿಟ್ಟರೂ
‘ನಾಳೆ ಅರ್ಧ ಲೀಟರ್ ಹಾಕತಕ್ಕದ್ದು.’

ಹತ್ತನೆಯ ದಿನ ಬಂದಳು ಗುತ್ಯಮ್ಮ,
ತುಂಗಾನಗರದಿಂದ ಸಿಟಿ ಬಸ್ಸು ಹಿಡಿದು.
ಬಲದ ತೋಳು ಮಣಿಕಟ್ಟಿಗೇ ಮುಗಿದಿತ್ತು,
ಅದರ ತುದಿಗೊಂದು
ಮಗುವಿನ ಹಳದಿ ಕಾಲುಚೀಲ.

ಮಾಚೇನಹಳ್ಳಿಯ ಹಾಳೆತಟ್ಟೆ ಶೆಡ್ಡು.
ಮದುವೆಯ ಕಾಲ, ಐದು ಸಾವಿರ ತಟ್ಟೆಯ ಆರ್ಡರು,
ಕಾದ ಅಚ್ಚಿನಡಿ ಓರೆಯಾದ ಹಾಳೆಯನ್ನು
ನೆಟ್ಟಗೆ ಮಾಡಲು ಹೋದ ಕೈ.
ಫೈಲಿನಲ್ಲಿ ತಾರೀಖು ನೋಡಿದೆ:
ಆ ವಾರವೇ ಹೊಳೆಹೊನ್ನೂರಿನಲ್ಲಿ ಷಡ್ಡಕನ ಮಗಳ ಮದುವೆ.
ಎರಡನೇ ಪಂಕ್ತಿಯಲ್ಲಿ ಕೂತು
ಹೋಳಿಗೆ ಇನ್ನೊಂದು ಹಾಕಿಸಿಕೊಂಡಿದ್ದೆ.

‘ಒಂದೇ ಕೈಗೆ ಎರಡು ಸಲ ದುಡ್ಡು ಕೊಡೋಕೆ ಬರಲ್ಲಮ್ಮ’
ಸಾಹೇಬರು ಫೈಲಿನಿಂದ ತಲೆಯೆತ್ತಲಿಲ್ಲ.
‘ಕೇಸು ಮುಗಿಯೋ ತನಕ ಅಂತ ಸರ್ಕಾರ ಕೊಟ್ಟಿದ್ದು.
ಈಗ ಇನ್ಶೂರೆನ್ಸಿನೋರು ಕೊಟ್ರಲ್ಲ.’

‘ಹೌದು ಸಾಮಿ, ಕೈ ಹೋಗಿದ್ದು ಒಂದೇ ಸಲ.
ಆದ್ರೆ ಬೆಳಿಗ್ಗೆ ಎದ್ದು ಸೆರಗು ಸಿಕ್ಕಿಸಕ್ಕೆ ಹೋದಾಗ
ದಿನಾ ಮತ್ತೊಂದ್ಸಲ ಹೋಗುತ್ತೆ.’

ಅದನ್ನು ಬರೆದುಕೊಳ್ಳುವ ಕಾಲಂ
ನಮ್ಮ ನಮೂನೆಯಲ್ಲಿ ಇಲ್ಲ.

ಆಮೇಲೆ ಚೀಲದಿಂದ ತೆಗೆದಳು
ಮೂಲೆ ಮಡಚಿದ ಒಂದು ನೂರು ಪುಟದ ನೋಟ್‌ಬುಕ್ಕು,
ತಿಂಗಳಿಗೊಂದು ಹಾಳೆ, ಎಲ್ಲ ಎಡಗೈಯ ಬರಹ.
ಮೊದಲ ತಿಂಗಳು ಅಕ್ಷರಗಳಿಗೆ ನಿಲ್ಲಲು ಬಲವಿಲ್ಲ;
‘ಅಕ್ಕಿ’ಯ ಒತ್ತು ಜಾರಿ
ಕೆಳಸಾಲಿನ ‘ಬೆಲ್ಲ’ದ ಮೇಲೆ ಬಿದ್ದಿದೆ.
ಮೆಗ್ಗಾನ್ ಆಸ್ಪತ್ರೆಗೆ ಆಟೋ, ನೂರ ಇಪ್ಪತ್ತು.
ಗಾಯಕ್ಕೆ ಮುಲಾಮು, ಹತ್ತಿ.
ಪಕ್ಕದ ಮನೆ ಹುಡುಗಿಗೆ, ತಲೆ ಬಾಚಿದ್ದಕ್ಕೆ,
ವಾರಕ್ಕೆ ಹತ್ತು ರೂಪಾಯಿ.
ಏಳನೇ ತಿಂಗಳಿಗೆ ಸಾಲುಗಳು ಗೆರೆಗೆ ಇಳಿದಿವೆ.
ಹನ್ನೊಂದನೆಯದರಲ್ಲಿ ಹೀಗಿದೆ:
ಹುಡುಗಿಗೆ ಕೊಡೋದು ನಿಲ್ಲಿಸಿದೆ,
ಜಡೆ ಕತ್ತರಿಸಿಬಿಟ್ಟೆ.
ಆ ಹಾಳೆಯ ಲೆಕ್ಕ ಮಾತ್ರ ಕೂಡಿಲ್ಲ.
ಕೂಡಿ ನೋಡಿದೆ, ನಲವತ್ತು ರೂಪಾಯಿ ಉಳಿದಿತ್ತು.

ಮೂವತ್ತಾರು ಸಾವಿರದ ನಾನೂರು.
ಎಣಿಸಿ ಮೇಜಿನ ಮೇಲಿಟ್ಟಳು,
ನೋಟುಗಳ ಮೇಲೆ ಮೊಣಕೈ ಒತ್ತಿ,
ಎಡಗೈ ಹೆಬ್ಬೆರಳಿಂದ ಒಂದೊಂದೇ ಜಾರಿಸುತ್ತಾ.
ಫ್ಯಾನು ನಿಲ್ಲಿಸಿದೆ,
ನನ್ನಿಂದ ಆದ ಉಪಕಾರ ಅಷ್ಟೇ.

ಇಂಕುಪ್ಯಾಡು ಮುಂದೆ ತಳ್ಳಿದೆ.
ವಾಪಸ್ಸು ತಳ್ಳಿದಳು.
‘ಸೈನು ಹಾಕ್ತೀನಿ. ನಿಮ್ಮ ಸಾವಿರದ ನಾನೂರು ತಿಂದು
ಕಲಿತಿದ್ದು ಅದೊಂದೇ.’

ರಸೀದಿ ಬರೆದೆ, ಒಟ್ಟು ಮೊತ್ತಕ್ಕೆ ಒಂದು.
ಅವಳು ಮುಟ್ಟಲಿಲ್ಲ.
‘ಕೊಡುವಾಗ ತಿಂಗಳು ತಿಂಗಳಾ ಕೊಟ್ರಿ.
ತಗೊಳ್ಳುವಾಗಲೂ ಹಂಗೇ ಬರ್ಕೊಡಿ,
ಯಾವ ತಿಂಗಳಿಂದು ಅಂತ.’
ಸಾಹೇಬರ ಕಡೆ ನೋಡಿದೆ.
‘ಬರೆದು ಕಳಿಸಿ ಮಾರಾಯ್ರೆ, ಊಟದ ಹೊತ್ತಾಯ್ತು.’

ಬರೆದೆ. ಕಾರ್ಬನ್ ಕಾಗದ ಕೆಳಗಿಟ್ಟು, ಒತ್ತಿ ಒತ್ತಿ,
ಅಕ್ಕಿಯ ತಿಂಗಳು, ಮುಲಾಮಿನ ತಿಂಗಳು,
ಜಡೆ ಹೋದ ತಿಂಗಳು.
ಕಿಟಕಿಯಾಚೆ ಝೆರಾಕ್ಸ್ ಅಂಗಡಿಯವನು ಶಟರು ಎಳೆದ.
ಹತ್ತೊಂಬತ್ತನೆಯದಕ್ಕೆ ಬೆರಳು ಸೆಟೆದು ನಿಂತವು,
ಪೆನ್ನು ಕೆಳಗಿಟ್ಟು ಕೈ ಒದರಿಕೊಂಡೆ.

ಗುತ್ಯಮ್ಮ ಬಾಗಿ ನೋಡಿದಳು.
ಕೊಂಕಿಲ್ಲ, ಕನಿಕರವೇ ಇರಬೇಕು:
‘ನೋಯುತ್ತಾ ಅಣ್ಣಾ?
ಆ ಕೈಯಲ್ಲಿ ಬರೀರಿ.
ಮೊದಮೊದ್ಲು ಒತ್ತಕ್ಷರ ಬೀಳುತ್ತೆ.’