ನಾಲ್ಕು ಬೆರಳು

ಮೊದಲು ಫ್ಯಾನು ತಿರುಗುತ್ತದೆ.
ಆಮೇಲೆ ಪಂಪು: ಟಿಕ್, ಟಿಕ್, ಟಿಕ್,
ಹಲಗೆಯ ಹಿಂದೆ ಯಾರೋ
ನಿಧಾನಕ್ಕೆ ಉಗುರು ಕತ್ತರಿಸಿಕೊಳ್ಳುತ್ತಿರುವ ಹಾಗೆ.
ಆಮೇಲೆ ಬೆಂಕಿ ಬರಬೇಕು.

ಬೆಂಕಿಯಿಲ್ಲದೆ ಹೊಗೆಯಾಡದು, ಸರಿ.
ನಮ್ಮಲ್ಲಿ ಎರಡೂ ಇಲ್ಲ.
ಎರಡು ಸಲ ಯತ್ನಿಸಿ, ಕೆಂಪು ದೀಪ ಏಳು ಬಾರಿ ಮಿಟುಕಿಸಿ
ಹೀಟರು ಮುನಿಸಿಕೊಂಡು
ಒಳಗಿಂದ ಅಗುಳಿ ಹಾಕಿಕೊಳ್ಳುತ್ತದೆ.

ಸ್ಕಾಲೊವೇ ಬಂದರು, ಜನವರಿ, ರಾತ್ರಿ ಹನ್ನೊಂದು.
ಹೊರಗೆ ಡೆಕ್ಕಿನ ಮೇಲೆ ಆಲಿಕಲ್ಲು, ಮೊಳೆಡಬ್ಬಿ ಮಗುಚಿದಂತೆ.
ಒಳಗೆ ನಮ್ಮದೇ ಉಸಿರು ಕಿಟಕಿಯ ತಿರುಪುಗಳಲ್ಲಿ ಹನಿಗಟ್ಟಿ
ಇಂಗಾಳ ದಿಂಬಿಗೆ ತೊಟ್ಟಿಕ್ಕುತ್ತಿದೆ.
ಇಂಗಾ ನನ್ನ ತಮ್ಮನ ಮಗಳು, ಕಾಲೇಜಿನಲ್ಲಿ ಎಂಜಿನ್ನು ಓದುತ್ತಾಳೆ.
ಹಾಗಾಗಿ ಮೀಟರು ಅವಳ ಕೈಯಲ್ಲಿ,
ಟಾರ್ಚು ನನ್ನ ಬಾಯಲ್ಲಿ.

ವೋಲ್ಟೇಜು ನೋಡು ಅನ್ನುತ್ತದೆ ಕೈಪಿಡಿ. ಹನ್ನೆರಡೂವರೆ.
ಪ್ಲಗ್ಗು ಕಾಯುವಾಗ ನೋಡು ಅನ್ನುತ್ತದೆ. ಹನ್ನೊಂದೂ ಮುಕ್ಕಾಲು, ಬದುಕಬಹುದು.
ಫ್ಯೂಸಿನ ಕಾಲಿಗೆ ಹಸಿರು ಕಿಲುಬು;
ಉಪ್ಪುಕಾಗದದಲ್ಲಿ ತಿಕ್ಕಿ, ಊದಿ, ಮತ್ತೆ ಕೂರಿಸಿದೆವು.
ಹೊಗೆಕೊಳವೆಯ ಮೊಣಕೈಯಲ್ಲಿ ನೀರು ನಿಂತಿರಬಹುದು.
ಇಂಗಾ ಬಾಯಿಟ್ಟು ಊದಿದಳು.
ನೀರಿಲ್ಲ. ಅವಳಿಗೆ ಮೀಸೆ ಬಂತು.
ಪ್ಲಗ್ಗನ್ನೇ ಬಿಚ್ಚಿ ಮಸಿ ಕೆರೆದು
ಬ್ಯಾಟರಿಗೆ ಕಚ್ಚಿಸಿದರೆ, ಬೆರಳುದ್ದದ ಅದು
ಕತ್ತಲಲ್ಲಿ ಮೆಲ್ಲಗೆ ಕಿತ್ತಳೆಯಾಗಿ ಹಣ್ಣಾಯಿತು.
ಇಬ್ಬರೂ ನಾಚಿಕೆ ಬಿಟ್ಟು
ಅದಕ್ಕೆ ಅಂಗೈ ಕಾಯಿಸಿಕೊಂಡೆವು.

ಪುಸ್ತಕದ ಬದನೆಕಾಯಿ ಹೆಚ್ಚಿ ಹೆಚ್ಚಿ
ಗಂಟೆ ಎರಡಾಯಿತು.
ಟಿಕ್, ಟಿಕ್. ಏಳು ಮಿಟುಕು.

ಪಂಪಿನ ಹತ್ತಿರದ ಬಿಳಿ ಕೊಳವೆಯಲ್ಲಿ
ಎಣ್ಣೆಯಿರಬೇಕಾದ ಕಡೆ ಉದ್ದುದ್ದ ಗಾಳಿ.
ಸೋರಿಕೆ, ಅಂದಳು ಇಂಗಾ. ಎಲ್ಲ ಕ್ಲಿಪ್ಪು ಬಿಗಿದಳು.
ಸೋರಿಕೆಯಲ್ಲ.
ಎಣ್ಣೆ ಮುಗಿದಿದೆಯೇ? ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿದೆ.
ಕೀಲಿ ತಿರುಗಿಸಿದರೆ ಎಂಜಿನ್ನು ಒಂದೇ ಏಟಿಗೆ ಎದ್ದು
ಅದೇ ಟ್ಯಾಂಕಿನಿಂದ ಕುಡಿದು ಗುಡುಗಿತು.
ಒಂದೇ ಮೊಲೆಯ ಹಾಲು,
ಒಂದು ಮಗು ತೇಗುತ್ತಿದೆ, ಇನ್ನೊಂದು
ಬರಿಗಾಳಿ ಚೀಪುತ್ತಿದೆ.

ಇಂಗಾ ಟೋಪಿ, ಬೂಟು, ಮೀಸೆ ಸಮೇತ
ಹಾಯಿಚೀಲದೊಳಗೆ ತೂರಿಕೊಂಡು ಮಲಗಿದಳು.
ನಾನು ಚಹಾದ ಲೋಟ ತಣ್ಣಗಾಗುವುದನ್ನು
ಎರಡೂ ಕೈಯಲ್ಲಿ ಹಿಡಿದು ನೋಡಿದೆ.

ಆರಕ್ಕೆ ಫೋನು ಮಾಡಿದೆ, ಲೌರಿಗೆ.
ಈ ದೋಣಿಯನ್ನು ನನಗೆ ಮಾರಿದವನು, ಬರ್ರಾದವನು, ಎಂಬತ್ತೊಂದು.
ಬಲೆ ಬಿಟ್ಟು ಹತ್ತು ವರ್ಷವಾದರೂ ನಾಲ್ಕಕ್ಕೇ ಏಳುತ್ತಾನೆ.
ಮೊದಲ ರಿಂಗಿಗೇ ಎತ್ತಿದ.
ಯಾರು, ಯಾಕೆ, ಒಂದೂ ಇಲ್ಲ; ನಾನು ಹೇಳಿದ್ದು ಕೇಳಿ,
"ಎಣ್ಣೆ ಎಷ್ಟಿದೆ?"
"ಕಾಲು ಟ್ಯಾಂಕ್."
ಅತ್ತ ಏನನ್ನೋ ಹೀರಿದ ಸದ್ದು.
"ಮುಳ್ಳಿನ ಮಾತು ಬಿಡು. ಕೋಲು ಅದ್ದು.
ನಾಲ್ಕು ಬೆರಳು ಉಳಿದಿದ್ದರೆ ಅದು ಹೀಟರಿನದಲ್ಲ, ಓಸ್ಲಾ.
ಅದರ ಕೊಳವೆ ನಾನೇ ಗಿಡ್ಡ ಕತ್ತರಿಸಿ ಇಟ್ಟದ್ದು.
ಒಂದು ರಾತ್ರಿ ಚಳಿ ತಡೆಯಬಹುದು.
ಫೌಲಾದ ಆಚೆ ಎಂಜಿನ್ನು ಕಣ್ಣು ಮುಚ್ಚಿದರೆ,"
ಅಂದವನು ಅಲ್ಲಿಗೇ ನಿಲ್ಲಿಸಿದ.
"ಇಡ್ತೀನಿ, ಗಂಜಿ ಉಕ್ಕುತ್ತಿದೆ."

ಪೊರಕೆಯ ಹಿಡಿ ಅದ್ದಿದೆ.
ನನ್ನ ಬೆರಳಲ್ಲಿ ಐದು. ಅವನದು ದಪ್ಪ.

ಅಂದರೆ ಏನೂ ಕೆಟ್ಟಿರಲೇ ಇಲ್ಲ.
ನಾವು ಚಳಿಯಲ್ಲಿ ನಡುಗುತ್ತಾ ರಾತ್ರಿಯಿಡೀ ಬೈದದ್ದು
ಮನೆಗೆ ಮರಳಲಿ ಎಂದು ಯಾರೋ ತೆಗೆದಿಟ್ಟ ಎಣ್ಣೆಯ ಮೇಲೆ ಕೂತು.

ಎಂಟಕ್ಕೆ, ಇನ್ನೂ ಕತ್ತಲೆ, ಎರಡು ಕ್ಯಾನು ಹೊತ್ತು ತಂದು ಸುರಿದೆವು.
ಫ್ಯಾನು. ಟಿಕ್, ಟಿಕ್, ಟಿಕ್.
ಕೊಳವೆಯಲ್ಲಿ ಗುಲಾಬಿ ಬಣ್ಣ ತೆವಳುತ್ತಾ ಬಂತು,
ಮಗ್ಗುಲ ತೂತಿನಿಂದ ಒಂದು ಬಿಳಿ ಕೆಮ್ಮು,
ಕಟ್ಟೆಯ ಮೇಲಿನ ಕಡಲಹಕ್ಕಿ ಎರಡು ಹೆಜ್ಜೆ ಸರಿದು ನಿಂತಿತು.
ಆಮೇಲೆ ಹಲಗೆಯ ಹಿಂದೆ ಭುರ್ರೆಂದು ಹಿಡಿಯಿತು.

ಇಂಗಾ ಕೈಪಿಡಿಯ ಕೊನೆಯ ಪುಟದಲ್ಲಿ
ಪೆನ್ಸಿಲ್ಲಿನಿಂದ ಏನೋ ಬರೆದು ಮುಚ್ಚಿಟ್ಟಳು. ನಾನು ಕೇಳಲಿಲ್ಲ.
ಒದ್ದೆ ಕಾಲುಚೀಲಗಳ ವಾಸನೆ
ಮೆಲ್ಲಗೆ ಏಳತೊಡಗಿತ್ತು.