ಬೆಡ್‌ಸ್ಪೇಸ್ ಖಾಲಿ ಇದೆ

ಖುಬ್ಬೂಸ್ ಬೇಕರಿಯ ರಾತ್ರಿಪಾಳಿ ಮುಗಿಸಿ
ಶಾರ್ಜಾದ ಅಬು ಶಗಾರಾ ಬಸ್‌ಸ್ಟಾಪಿನಲ್ಲಿ ಕೂತು
ಕೈಯ ಹಿಟ್ಟು ಪ್ಯಾಂಟಿಗೊರೆಸಿ
ಫೋನಿನಲ್ಲಿ ಮನೆ ಹುಡುಕುತ್ತೇನೆ.
ವನಜಾಕ್ಷಿ ಬರುತ್ತಾಳೆ, ಎರಡು ತಿಂಗಳ ವಿಸಿಟ್ ವೀಸಾ.
ಒಂದು ಬಾಗಿಲು ಸಾಕು,
ಒಳಗಿನಿಂದ ಚಿಲಕ ಬೀಳುವಂಥದ್ದು.

ಎಂಥ ಫೋಟೋಗಳಪ್ಪ!
ಓಡುತ್ತ ಓಡುತ್ತ ತೆಗೆಯುತ್ತಾರೋ ಏನೋ.
ವಿಶಾಲವಾದ ಹಾಲ್ ಅಂತ ಬರೆದಿದೆ,
ಕಾಣುವುದು ಫ್ರಿಜ್ಜಿನ ಬೆನ್ನು.
ಬಚ್ಚಲು ಅಡ್ಡ ಮಲಗಿದೆ, ನೋಡಬೇಕಾದರೆ
ನಾನೂ ಕತ್ತು ಮಲಗಿಸಬೇಕು.
ಕಮೋಡು ಬಾಯಿ ತೆರೆದುಕೊಂಡೇ ಇದೆ
ಹಲ್ಲಿನ ಡಾಕ್ಟರ ಎದುರು ಕೂತ ಹಾಗೆ.
ಸಮುದ್ರ ಕಾಣುತ್ತದಂತೆ. ಕಿಟಕಿಯಲ್ಲಿ ಬರೀ ಬಿಳಿ,
ಬಿಸಿಲೋ ಫ್ಲ್ಯಾಶೋ. ಸಮುದ್ರ ಅದರ ಹಿಂದೆ ಇರಬಹುದು,
ನಮ್ಮ ಸಂಬಳದ ಹಿಂದೆ ಇನ್‌ಕ್ರಿಮೆಂಟ್ ಇರುವ ಹಾಗೆ.
ಒಂದರಲ್ಲಿ ಹೆಬ್ಬೆರಳು ಅರ್ಧ ಕೋಣೆ ನುಂಗಿ
ಕೆಂಪಗೆ ಹೊಳೆಯುತ್ತಿದೆ;
ಬಾಡಿಗೆ ಅದಕ್ಕೂ ಸೇರಿಯೇ ಇರಬೇಕು.
ಕನ್ನಡಿಯಲ್ಲಿ ಸಿಕ್ಕಿಬಿದ್ದ ಒಬ್ಬ ಏಜೆಂಟ್,
ಮುಖದ ಜಾಗದಲ್ಲಿ ಬೆಳಕಿನ ಚೆಂಡು,
ಕೆಳಗೆ ಲುಂಗಿ.

ಒಂದು ಅಡುಗೆಮನೆಯಲ್ಲಿ ಮಾತ್ರ ತುಸು ಹೊತ್ತು ನಿಂತೆ.
ಒಲೆಯ ಮೇಲೆ ಹಾಲು, ಇನ್ನೇನು ಉಕ್ಕಬೇಕು.
ಯಾರಾದರೂ ಬಂದು ಆರಿಸಿದರೋ ಇಲ್ಲವೋ.
ಮುಂದಿನ ಫೋಟೋ ಲಿಫ್ಟಿನದು.

ಬೆರಳು ಜಾರಿ ಬೆಡ್‌ಸ್ಪೇಸಿಗೆ ಹೋಯಿತು.
ಅಬು ಶಗಾರಾ, ಗಂಡಸರಿಗೆ ಮಾತ್ರ, ಐನೂರೈವತ್ತು ದಿರ್ಹಂ,
ನೀರು ಕರೆಂಟು ವೈಫೈ ಸೇರಿ. ಶಾಂತ ವಾತಾವರಣ.
ತೆಗೆದವರ ಕೈ ನಡುಗಿದೆ, ಎಲ್ಲ ಮಸುಕು.
ನೀಲಿ ಬಕೆಟ್ಟು. ಮೊಳೆಗೆ ತೂಗಿದ ಕೈಚೀಲ.
ಭಟ್ಕಳದ ಜವಳಿ ಅಂಗಡಿಯ ಕ್ಯಾಲೆಂಡರು
ಹೋದ ವರ್ಷದ ಜೂನಿನಲ್ಲೇ ನಿಂತಿದೆ,
ಒಂಬತ್ತರ ಸುತ್ತ ಪೆನ್ನಿನ ಗೀಟು.
ಕೆಳಗಿನ ಮಂಚದಲ್ಲಿ ಗೋಡೆಗೆ ಮುಖಮಾಡಿ
ಹುಲಿಚಿತ್ರದ ಕಂಬಳಿಯೊಳಗೆ ಒಂದು ಗುಡ್ಡೆ,
ಹೊರಗೊಂದು ಪಾದ,
ಹಿಮ್ಮಡಿಯ ಬಿರುಕಿನಲ್ಲಿ ಮೈದಾ.

ನನ್ನ ಅಂಗಾಲನ್ನು ನಾನು ಈ ಕಡೆಯಿಂದ ಕಂಡವನಲ್ಲ.
ಆದರೂ ಗುರುತು ಸಿಕ್ಕಿತು.
ಒಂಬತ್ತನೇ ತಾರೀಕು ಅವಳನ್ನು ಬಿಟ್ಟು
ವಿಮಾನ ಹತ್ತಿದ ದಿನ.

ನೂರ ಹದಿನೇಳು ಜನ ನೋಡಿದ್ದಾರಂತೆ ನನ್ನ ನಿದ್ದೆಯನ್ನು.
ಮೂವರು ಹೃದಯ ಒತ್ತಿದ್ದಾರೆ.

ಕೋಣೆಗೆ ಬಂದು, ಅದೇ ಮಂಚ ಅದೇ ಕಂಬಳಿ,
ಇನ್ನೊಂದು ಸಿಮ್ಮಿನಿಂದ ಆ ನಂಬರಿಗೆ ಫೋನು ಮಾಡಿದೆ.
ಪ್ಲೈವುಡ್ಡಿನ ಆಚೆ ರಿಂಗಾಯಿತು.
ಹಲೋ, ಅಂದರು ಫ್ಲ್ಯಾಟಿನ ಮೋನಾಕ,
ಒಂದು ಕಿವಿಗೆ ಫೋನಿನಿಂದ, ಇನ್ನೊಂದಕ್ಕೆ ಗೋಡೆಯಿಂದ;
ಗೋಡೆಯದು ಅರೆಕ್ಷಣ ಮುಂಚೆ ತಲುಪಿತು.
ಕಂಬಳಿ ಬಾಯಿಗೊತ್ತಿ, ದನಿ ಬದಲಿಸಿ, ಹಿಂದಿಯಲ್ಲಿ ಕೇಳಿದೆ:
ಜಾಗ ಉಂಟಾ? ಮಧ್ಯಾಹ್ನ ಬಂದು ನೋಡಲಾ?
ಮಧ್ಯಾಹ್ನ ಬೇಡ. ಅಲ್ಲಿ ಒಬ್ಬ ಮಲಗಿರ್ತಾನೆ,
ರಾತ್ರಿಪಾಳಿಯವ, ಪಾಪ. ಆರರ ಮೇಲೆ ಬನ್ನಿ.
ಅವನಿಗೆ ಬೇರೆ ಮನೆ ಸಿಕ್ಕಿತಾ?
ಆಚೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
ಸಿಗ್ತದೆ. ಹೆಂಡತಿ ಬರ್ತಾಳಲ್ಲ, ಸಿಗಲೇಬೇಕು.

ಫೋನಿಟ್ಟು ಮತ್ತೆ ತೆರೆದೆ.
ಎರಡನೆಯ ಫೋಟೋ ನೋಡಿಯೇ ಇರಲಿಲ್ಲ.
ಅದೇ ಬಕೆಟ್ಟು, ಅದೇ ಜೂನು, ಇನ್ನೂ ಸೊಟ್ಟ.
ಪಾದ ಮಾತ್ರ ಇಲ್ಲ.
ಹುಲಿಯ ಬಾಲವನ್ನು ಅಲ್ಲಿಯವರೆಗೆ ಎಳೆದು ಮುಚ್ಚಿದ್ದಾರೆ,
ಗಿರಾಕಿಗೆ ಚಂದ ಕಾಣಲೆಂದೋ
ಏಸಿ ನೇರ ಅಲ್ಲಿಗೇ ಬಡಿಯುತ್ತದೆಂದೋ,
ಫೋಟೋದಲ್ಲಿ ಅದು ಸ್ಪಷ್ಟವಿಲ್ಲ.

ಮೂಲೆಯಲ್ಲಿ ಅವರ ಹೆಬ್ಬೆರಳಿದೆ.