ಚೌಕ ಗುಂಡಿ

ಮಾಲ್ಮೋದ ಆರನೇ ಮಹಡಿಯಲ್ಲಿ ಆ ಹುಡುಗಿಯನ್ನು
ನಾವು ಹನ್ನೊಂದು ಮಂದಿ ಸೇರಿ ಹೆತ್ತೆವು.
ಹೆಸರಿನ್ನೂ ಇಟ್ಟಿರಲಿಲ್ಲ; ಕಡತದಲ್ಲಿ ಅವಳು
'ಉತ್ತರದ ಬೇಟೆಗಾರ್ತಿ, ಮೂರನೇ ಕರಡು'.

ಟೋರ್ಕೆಲ್ ಕಣ್ಣು ಕೊಟ್ಟ, ಇನ್ನಾರೋ ಕೆನ್ನೆಯ ಮೂಳೆ,
ಉಡುಪು ನನ್ನ ಪಾಲಿಗೆ ಬಂತು.
ನಿನ್ನ ಕಡೆಯವಳೇ ಅಲ್ಲವೇ, ಎಂದರು.
ಹೌದು, ನನ್ನ ಕಡೆಯವಳೇ. ಆದರೆ ನಾನು
ಏಳು ವರ್ಷದಿಂದ ಕಪ್ಪು ಜೀನ್ಸ್ ತೊಟ್ಟವಳು,
ನೆನಪಿಗಿಂತ ಜಾಲದಲ್ಲಿ ಸಿಕ್ಕ ಚಿತ್ರಗಳನ್ನು ನಂಬಿದೆ:
ಇಲ್ಲಿಂದೊಂದು ಟೊಪ್ಪಿ, ಅಲ್ಲಿಂದೊಂದು ಅಂಚು,
ನೀಲಿಯ ಮೇಲೆ ಕೆಂಪು, ಕೆಂಪಿನ ಮೇಲೆ ಹಳದಿ.
ಚೆಂದ ಕಂಡಿತು. ಚೆಂದವೇ ಕಂಡಿತು, ಮುಚ್ಚಿಡುವುದಿಲ್ಲ.

ಜನವರಿಯಲ್ಲಿ ಕೌಟೊಕೇನೊಗೆ ಹೋದಾಗ
ರಾವ್ದ್ನಾ ಅತ್ತೆಯ ಅಡುಗೆಮನೆಯಲ್ಲಿ
ಕಾಫಿ ಬಟ್ಟಲು ಸರಿಸಿ ಲ್ಯಾಪ್‌ಟಾಪ್ ತೆರೆದೆ.
ಸೂರ್ಯ ಆ ವಾರ ಬಂದಿರಲಿಲ್ಲ.
ಅತ್ತೆ ಸೂಜಿಯನ್ನು ತೋಳಿನ ಬಟ್ಟೆಗೆ ಚುಚ್ಚಿಕೊಂಡು, ಕನ್ನಡಕ ಏರಿಸಿ,
ಕಾಗದ ಓದುವ ಹಾಗೆ ಓದಿದಳು, ಮೇಲಿಂದ ಕೆಳಕ್ಕೆ.

"ಟೊಪ್ಪಿ ಕರಾಸ್ಯೋಕಿನದು.
ತೋಳಿನಂಚು ನಮ್ಮೂರಿನದು, ಅದೂ ನಿನ್ನ ತಾಯ ಕಡೆಯವರದು.
ಕಾಲಿಗೆ ಸುತ್ತಿದ ಪಟ್ಟಿ ಗಂಡಸಿನದು.
ಸೊಂಟದಲ್ಲಿ ಚೌಕ ಗುಂಡಿ." ಇಲ್ಲಿ ನಿಂತಳು.
"ಮದುವೆಯಾಗಿದೆಯಲ್ಲ ಇವಳಿಗೆ. ಗಂಡ ಎಲ್ಲಿ?"

ಗಂಡ ಇಲ್ಲ ಅತ್ತೆ, ಹದಿನಾರು ವರ್ಷ, ಬಿಲ್ಲು ಹಿಡಿಯುತ್ತಾಳೆ.

"ಹಾಗಾದರೆ ಸುಳ್ಳು ಹೇಳುತ್ತಿದ್ದಾಳೆ, ಒಂದೇ ಉಸಿರಲ್ಲಿ ನಾಲ್ಕು.
ಬಾಯಿ ತೆರೆಯುವ ಮೊದಲೇ."

ನಾನು ನಕ್ಕೆ. ಅವಳು ನಗಲಿಲ್ಲ.

ಚೌಕವನ್ನು ದುಂಡು ಮಾಡುವುದಕ್ಕೆ ಎಷ್ಟು ಹೊತ್ತು?
ಎರಡು ನಿಮಿಷ. ಆದರೆ ನೆರಿಗೆ?
ನೆರಿಗೆ ದುಬಾರಿ, ಎಂದಿದ್ದರು ಕಚೇರಿಯಲ್ಲಿ;
ಓಡುವಾಗ ಒಂದೊಂದು ಮಡಿಕೆಯನ್ನೂ ಯಂತ್ರ ಎಣಿಸಬೇಕು,
ಅಂಗಿ ಮೊಣಕಾಲ ಮೇಲಿರಲಿ, ಕಾಲು ಕಾಣಲಿ.
ಇದನ್ನು ಹೇಗೆ ಹೇಳುವುದು,
ನೆರಿಗೆ ಹಿಡಿಯುವಾಗ ಹಲ್ಲಲ್ಲಿ ದಾರ ಕಚ್ಚಿ
ಯಾರೊಂದಿಗೂ ಮಾತಾಡದವಳಿಗೆ?

ಒಂದು ಗುಂಡಿ ಒತ್ತಿ ಬಟ್ಟೆಯೆಲ್ಲ ಕಳಚಿದೆ,
ಬೇರೆ ತೊಡಿಸಿ ತೋರಿಸೋಣವೆಂದು.
ಉಳಿದದ್ದು ಬೂದು ಮೈ. ತೋಳೆರಡೂ ಅಗಲಕ್ಕೆ ಚಾಚಿ,
ಪಾದ ಜೋಡಿಸಿ, ನೋಟ ಎಲ್ಲೂ ಇಲ್ಲ.
ನಮ್ಮ ಕಸುಬಿನಲ್ಲಿ ಎಲ್ಲರೂ ಹುಟ್ಟುವುದೇ ಹಾಗೆ.
ತಿರುಗಿಸಿದೆ: ಮುಂದೆ, ಪಕ್ಕ, ಹಿಂದೆ.

"ನಿಲ್ಲಿಸು," ಎಂದಳು.

ಅವಳಮ್ಮನನ್ನು ಶಾಲೆಯ ಗೋಡೆಗೆ ಹೀಗೇ ನಿಲ್ಲಿಸಿದ್ದರಂತೆ,
ತೆಂಕಣದಿಂದ ಬಂದ ದೊಡ್ಡ ಮನುಷ್ಯರು,
ಮುಂದೆ, ಪಕ್ಕ, ಹಿಂದೆ,
ತಲೆಗೆ ಕಬ್ಬಿಣದ ಇಕ್ಕಳ ಹಿಡಿದು ಅಂಕಿ ಬರೆದುಕೊಂಡರಂತೆ.
ಆ ಫೋಟೊ ಯಾವುದೋ ನೆಲಮಾಳಿಗೆಯ ಪೆಟ್ಟಿಗೆಯಲ್ಲಿದೆ;
ಅದರಲ್ಲಿ ಅವಳಿಗೆ ಹೆಸರಿಲ್ಲ, ಸಂಖ್ಯೆ ಇದೆ.
ಅತ್ತೆ ಇಷ್ಟನ್ನು ಹೇಳಿದ್ದು ಒಲೆಗೆ ಕಟ್ಟಿಗೆ ಒಟ್ಟುತ್ತಾ,
ನಾಳೆ ಗಾಳಿ ಎದ್ದೀತು ಎನ್ನುವ ದನಿಯಲ್ಲಿ.

ಆಮೇಲೆ ತನ್ನ ರೇಷ್ಮೆ ಶಾಲು ಬಿಚ್ಚಿ,
ಉದ್ದ ಕುಚ್ಚಿನದು, ಪರದೆಯ ಮೇಲೆ ಹೊದಿಸಿದಳು.
"ಎತ್ತಿಕೊಳ್ಳಿ ಅಂತ ಕೈ ಚಾಚಿದೆ ಕೂಸು,
ನೀವು ಅಳತೆ ತೆಗೆಯುತ್ತೀರಿ."

ಆ ರಾತ್ರಿಯಿಡೀ ಲ್ಯಾಪ್‌ಟಾಪ್ ಶಾಲಿನೊಳಗೆ
ಬಿಸಿಯಾಗಿ ಗುಂಯ್‌ಗುಟ್ಟಿತು.

ಬೆಳಿಗ್ಗೆ ಕೇಳಿದಳು: ಇವಳ ಅಜ್ಜಿ ಯಾರು?
ಅಜ್ಜಿಯನ್ನು ಯಾರೂ ಬರೆದಿರಲಿಲ್ಲ.
"ಮೊದಲು ಅವಳನ್ನು ಬರೆ. ಅಂಗಿ ತಾನಾಗಿ ಬರುತ್ತೆ.
ಹೊಲಿದವರಿಲ್ಲದೆ ಹೊಲಿಗೆ ಎಲ್ಲಿಂದ?"

ನಾಲ್ಕು ತಿಂಗಳು ಜಗಳವಾಡಿದೆ. ಸ್ವಲ್ಪ ಗೆದ್ದೆ.
ನೆರಿಗೆ ಉಳಿಯಿತು, ಹನ್ನೆರಡರಲ್ಲಿ ಏಳು.
ಅಂಗಿ ಮೊಣಕಾಲಿಗಿಂತ ಒಂದು ಬೆರಳು ಕೆಳಗಿಳಿಯಿತು.
ಗುಂಡಿ ದುಂಡಾಯಿತು. ಅಜ್ಜಿ ಬಂದಳು,
ಎರಡು ಮಾತಾಡಿ ಮೊದಲ ದೃಶ್ಯದಲ್ಲೇ ಸತ್ತಳು.
ಟೋರ್ಕೆಲ್ ಅಂದ: ಆಟ ಶುರುವಾಗಬೇಕಲ್ಲ.

ಮುಗಿದ ಮೇಲೆ ಅತ್ತೆಗೆ ತೋರಿಸಿದೆ.
ಟೊಪ್ಪಿ ನೋಡಿದಳು, ಅಂಚು ನೋಡಿದಳು,
ಪಟ್ಟಿ, ಗುಂಡಿ; ಹ್ಞೂಂ ಎಂದಳು.
ಅವಳ ಹ್ಞೂಂ ನನಗೆ ಬಿರುದು.
ಮತ್ತೆ, ಪರದೆಗೆ ಮೂಗು ತಾಗುವಷ್ಟು ಬಾಗಿ,
ಹುಡುಗಿಯ ಹಿಂದೆ ನಿಂತ ಹಿಮಸಾರಂಗವನ್ನು ಬೆರಳಿಂದ ಮುಟ್ಟಿದಳು:

"ಇದರ ಕಿವಿಯಲ್ಲಿ ಕಚ್ಚಿನ ಗುರುತೇ ಇಲ್ಲ.
ಯಾರದ್ದಿದು? ಎಲ್ಲಿಂದ ಹೊಡಕೊಂಡು ಬಂದಿರಿ?"